ಕಾರ್ಬುರೇಟರ್ ಬದಲಿಸಿದರೂ ಎಂಜಿನ್ ಕೆಮ್ಮುವುದೇಕೆ?

ಕಡಿಮೆ ಒತ್ತಡದಲ್ಲಿ ಗಾಳಿ ತುಂಬಿದ ನಾಲ್ಕು ಅಗಲ ಟೈರುಗಳು. ಮೋಟಾರ್ ಸೈಕಲ್ಲಿನಲ್ಲಿದ್ದಂತೆ ಎರಡೂ ಬದಿಗೆ ಕಾಲು ಇಳಿಬಿಟ್ಟು ಕೂರುವ ಆಸನ. ದಿಕ್ಕು ಬದಲಿಸಲು ಹ್ಯಾಂಡಲ್. ವೇಗ ಹೆಚ್ಚಿಸಲು ಹೆಬ್ಬೆರಳಿನಿಂದ ಒತ್ತುವ ಸನ್ನೆ. ಇದು ಎಟಿವಿ, ಅಂದರೆ ಆಲ್ ಟೆರೇನ್ ವೆಹಿಕಲ್. ಕೆಸರು, ಮರಳು, ಹಿಮ, ಹುಲ್ಲುಗಾವಲು ಹೀಗೆ ರಸ್ತೆಯಿಲ್ಲದ ಕಡೆ ಓಡಾಡಲೆಂದೇ ರೂಪಿಸಿದ ವಾಹನ. ಹೋಂಡಾ ಕಂಪನಿ 1970ರಲ್ಲಿ ಇದರ ಮೂರು ಚಕ್ರದ ಮಾದರಿಯನ್ನು ಅಮೆರಿಕದ ಮಾರುಕಟ್ಟೆಗೆ ತಂದಿತು. 1980ರ ದಶಕದ ಮೊದಲ ವರ್ಷಗಳಲ್ಲಿ ಸುಜುಕಿ ನಾಲ್ಕು ಚಕ್ರದ ಮಾದರಿಯನ್ನು ಹೊರತಂದಿತು. ಮೂರು ಚಕ್ರದವು ಮಗುಚಿಕೊಂಡು ಅಪಘಾತಗಳು ಹೆಚ್ಚಿದ್ದರಿಂದ, ತಯಾರಕರು 1988ರಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದೊಂದಿಗೆ ಮಾಡಿಕೊಂಡ ಒಪ್ಪಂದದ ಪ್ರಕಾರ ಅಲ್ಲಿ ಅವುಗಳ ಮಾರಾಟ ನಿಂತಿತು. ನಾಲ್ಕು ಚಕ್ರದವು ಉಳಿದುಕೊಂಡವು.

ಅಮೆರಿಕ, ಕೆನಡಾಗಳ ಹೊಲ ತೋಟಗಳಲ್ಲಿ ಮೂವತ್ತು ವರ್ಷ ಹಳೆಯ ಎಟಿವಿಗಳು ಇಂದಿಗೂ ಮೇವು ಸಾಗಿಸುತ್ತ, ಬೇಲಿ ನೋಡಿಕೊಂಡು ಬರಲು ನೆರವಾಗುತ್ತ ದುಡಿಯುತ್ತಿವೆ. 1988ರಿಂದ 2002ರವರೆಗೆ ತಯಾರಾದ ಕವಾಸಾಕಿ ಬಾಯು 220 ಅಂಥದ್ದೊಂದು. ಇದರಲ್ಲಿ ಗಾಳಿಯಿಂದ ತಂಪಾಗುವ, 215 ಘನ ಸೆಂ.ಮೀ. ಸಾಮರ್ಥ್ಯದ, ನಾಲ್ಕು ಹೊಡೆತದ ಒಂಟಿ ಸಿಲಿಂಡರ್ ಎಂಜಿನ್ ಇದೆ. ಅದಕ್ಕೆ ಉಸಿರು ಕೊಡುವುದು 24 ಮಿ.ಮೀ. ಅಳತೆಯ ಮಿಕುನಿ ಕಾರ್ಬುರೇಟರ್.

ಇಂಥ ಯಂತ್ರ ಹಳೆಯದಾದಾಗ ಕಾರ್ಬುರೇಟರ್ ಸವೆಯುತ್ತದೆ. ಮೂಲ ಬಿಡಿಭಾಗ ಸಿಗುವುದಿಲ್ಲ, ಸಿಕ್ಕರೂ ದುಬಾರಿ. ಯಜಮಾನ ಅಗ್ಗದ ನಕಲು ಕಾರ್ಬುರೇಟರನ್ನೋ ಬೇರೆ ವಾಹನದಿಂದ ಬಿಚ್ಚಿದ್ದನ್ನೋ ತಂದು ಜೋಡಿಸುತ್ತಾನೆ. ಎಂಜಿನ್ ಚಾಲೂ ಆಗುತ್ತದೆ. ಆದರೆ ನಿಂತಲ್ಲಿ ಸಮವಾಗಿ ಓಡುವುದಿಲ್ಲ. ಸನ್ನೆ ಬಿಟ್ಟ ಮೇಲೂ ವೇಗ ಇಳಿಯುವುದಿಲ್ಲ, ಇಳಿದರೆ ಸೈಲೆನ್ಸರಿನಿಂದ ಪಟಪಟ ಸದ್ದು. ಆತ ತಿರುಪುಗಳನ್ನು ತಿರುಗಿಸುತ್ತಾನೆ, ಜೆಟ್ ಬದಲಿಸುತ್ತಾನೆ. ಒಂದು ವೇಗದಲ್ಲಿ ಸರಿಹೋದದ್ದು ಇನ್ನೊಂದರಲ್ಲಿ ಕೆಡುತ್ತದೆ. ಹೀಗೇಕೆ?

ಪ್ರಶ್ನೆ ದೂರದ ದೇಶದ ಯಂತ್ರದ್ದಾದರೂ ಉತ್ತರ ನಮಗೂ ಬೇಕಾದದ್ದೇ. ಭಾರತದಲ್ಲಿ 2020ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದ ಮೇಲೆ ಹೊಸ ದ್ವಿಚಕ್ರ ವಾಹನಗಳಲ್ಲಿ ಫ್ಯೂಯೆಲ್ ಇಂಜೆಕ್ಷನ್ ವ್ಯವಸ್ಥೆ ಸಾಮಾನ್ಯವಾಗಿದೆ. ಆದರೆ ಅದಕ್ಕೆ ಮುಂಚಿನ ಲಕ್ಷಾಂತರ ಬೈಕು, ಸ್ಕೂಟರುಗಳಲ್ಲಿ ಇನ್ನೂ ಕಾರ್ಬುರೇಟರೇ ಇದೆ. 2007ರಲ್ಲಿ ಆರಂಭವಾದ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಗಾಗಿ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಎಟಿವಿ ಮಾದರಿಯ ವಾಹನವನ್ನು ತಾವೇ ಕಟ್ಟುತ್ತಾರೆ. ಎಲ್ಲ ಕಡೆಯೂ ಕೆಲಸ ಮಾಡುವುದು ಒಂದೇ ಭೌತವಿಜ್ಞಾನ.

ಕಾರ್ಬುರೇಟರ್ ಒಂದು ಅಳತೆಯ ಉಪಕರಣ

ಕಾರ್ಬುರೇಟರ್ ಎಂದರೆ ಗಾಳಿ ಮತ್ತು ಪೆಟ್ರೋಲನ್ನು ಬೆರೆಸುವ ಸಾಧನ ಎಂದು ಪಠ್ಯಗಳಲ್ಲಿ ಓದುತ್ತೇವೆ. ಬೆರೆಸುವುದಕ್ಕಿಂತ ಮುಖ್ಯವಾದ ಕೆಲಸ ಅದಕ್ಕಿದೆ. ಎಷ್ಟು ಗಾಳಿ ಹೋಗುತ್ತಿದೆ ಎಂಬುದನ್ನು ಅದು ಅಳೆಯಬೇಕು; ಆ ಅಳತೆಗೆ ತಕ್ಕಷ್ಟೇ ಪೆಟ್ರೋಲ್ ಕೊಡಬೇಕು.

ಒಂದು ಗ್ರಾಂ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಸಮುದ್ರಮಟ್ಟದಲ್ಲಿ ಒಂದು ಲೀಟರ್ ಗಾಳಿಯ ತೂಕ ಸುಮಾರು 1.2 ಗ್ರಾಂ. ಈ ಲೆಕ್ಕದಲ್ಲಿ ಒಂದು ಲೀಟರ್ ಪೆಟ್ರೋಲ್ ಉರಿಸಲು ಸುಮಾರು 9,000 ಲೀಟರ್ ಗಾಳಿ ಬೇಕಾಗುತ್ತದೆ. ಗಾಳಿ ಇದಕ್ಕಿಂತ ಹೆಚ್ಚಾದರೆ ತೆಳು ಮಿಶ್ರಣ, ಪೆಟ್ರೋಲ್ ಹೆಚ್ಚಾದರೆ ದಟ್ಟ ಮಿಶ್ರಣ. ದಟ್ಟವಾದರೆ ಕಪ್ಪು ಹೊಗೆ, ಮಸಿ ಹಿಡಿದ ಸ್ಪಾರ್ಕ್ ಪ್ಲಗ್, ವ್ಯರ್ಥ ಖರ್ಚು. ತೆಳುವಾದರೆ ಎಂಜಿನ್ ತಡವರಿಸುತ್ತದೆ. ಭಾರ ಎಳೆಯುವಾಗ ಬೇಕಾದ ದಟ್ಟ ಮಿಶ್ರಣ ಸಿಗದಿದ್ದರೆ ಬಿಸಿ ಏರಿ ಹೊರಕವಾಟ ಸುಡಬಹುದು, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳಬಹುದು. ಗಾಳಿಯಿಂದ ತಂಪಾಗುವ ಎಂಜಿನ್‌ಗೆ ಈ ಅಪಾಯ ಹೆಚ್ಚು.

ಗಾಳಿಯನ್ನು ಅಳೆಯುವ ಉಪಾಯ ಸರಳ. ಕೊಳವೆಯ ಮಧ್ಯೆ ಒಂದು ಕಿರಿದಾದ ಕುತ್ತಿಗೆ. ಅದೇ ಗಾಳಿ ಕಿರಿದಾದ ಜಾಗದಲ್ಲಿ ವೇಗವಾಗಿ ಹರಿಯಬೇಕು. ವೇಗ ಹೆಚ್ಚಿದಲ್ಲಿ ಒತ್ತಡ ಇಳಿಯುತ್ತದೆ. ಡೇನಿಯಲ್ ಬರ್ನೂಲಿ 1738ರಲ್ಲಿ ಪ್ರಕಟಿಸಿದ ತತ್ತ್ವ ಇದಕ್ಕೆ ಆಧಾರ. ಕಿರಿದಾದ ಕುತ್ತಿಗೆಯ ಪರಿಣಾಮವನ್ನು ಇಟಲಿಯ ವೆಂಚುರಿ 1797ರಲ್ಲಿ ವಿವರಿಸಿದ. ಜರ್ಮನಿಯ ವಿಲ್‌ಹೆಲ್ಮ್ ಮೇಬಾಕ್ 1893ರಲ್ಲಿ ಪೆಟ್ರೋಲನ್ನು ಸೂಕ್ಷ್ಮ ರಂಧ್ರದಿಂದ ಚಿಮ್ಮಿಸುವ ಕಾರ್ಬುರೇಟರ್ ರೂಪಿಸಿದ.

ಕುತ್ತಿಗೆಯ ಕೆಳಗೆ ಒಂದು ಪುಟ್ಟ ತೊಟ್ಟಿ ಇದೆ. ಅದರಲ್ಲಿ ತೇಲುವ ಫ್ಲೋಟ್ ಪೆಟ್ರೋಲಿನ ಮಟ್ಟವನ್ನು ಒಂದೇ ಸಮನೆ ಇಟ್ಟಿರುತ್ತದೆ. ತೊಟ್ಟಿಯ ಮೇಲೆ ವಾತಾವರಣದ ಒತ್ತಡ, ಕುತ್ತಿಗೆಯಲ್ಲಿ ಅದಕ್ಕಿಂತ ಕಡಿಮೆ ಒತ್ತಡ. ಈ ವ್ಯತ್ಯಾಸವೇ ಪೆಟ್ರೋಲನ್ನು ಜೆಟ್ ಎಂಬ ರಂಧ್ರದ ಮೂಲಕ ಮೇಲಕ್ಕೆ ತಳ್ಳುತ್ತದೆ. ಗಾಳಿ ಹೆಚ್ಚಾದಂತೆ ವ್ಯತ್ಯಾಸ ಹೆಚ್ಚು, ಪೆಟ್ರೋಲೂ ಹೆಚ್ಚು.

ಇಲ್ಲಿ ಒಂದು ಷರತ್ತಿದೆ. ಎಂಜಿನ್ನಿಗೆ ಹೋಗುವ ಗಾಳಿಯೆಲ್ಲ ಈ ಕುತ್ತಿಗೆಯ ಮೂಲಕವೇ ಹೋಗಬೇಕು. ಕುತ್ತಿಗೆ ದಾಟಿದ ಮೇಲೆ ಎಲ್ಲಾದರೂ ಸಂದಿಯಿದ್ದು ಅಲ್ಲಿಂದ ಗಾಳಿ ಒಳನುಗ್ಗಿದರೆ ಅದು ಅಳತೆಗೆ ಸಿಗುವುದಿಲ್ಲ. ಅದರ ಪಾಲಿನ ಪೆಟ್ರೋಲೂ ಬರುವುದಿಲ್ಲ. ಇದನ್ನು ಕಳ್ಳಗಾಳಿ ಎಂದು ಕರೆಯೋಣ. ಆದ್ದರಿಂದ ಕಾರ್ಬುರೇಟರಿನಿಂದ ಸಿಲಿಂಡರ್‌ವರೆಗಿನ ರಬ್ಬರ್ ಕೊಳವೆ, ಗ್ಯಾಸ್ಕೆಟ್, ಬೋಲ್ಟುಗಳೆಲ್ಲ ಅಳತೆಯ ಉಪಕರಣದ ಭಾಗಗಳೇ. ಹೊಸ ಕಾರ್ಬುರೇಟರ್ ತಂದವರು ಮರೆಯುವುದು ಇದನ್ನೇ.

ದೊಡ್ಡದು ಒಳ್ಳೆಯದೇ?

ಮೊದಲು ಇನ್ನೊಂದು ತಪ್ಪು ನಂಬಿಕೆಯನ್ನು ನೋಡೋಣ. 24 ಮಿ.ಮೀ. ಬದಲು 28 ಮಿ.ಮೀ. ಕಾರ್ಬುರೇಟರ್ ಹಾಕಿದರೆ ಎಂಜಿನ್ ಶಕ್ತಿ ಹೆಚ್ಚುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಸ್ವಲ್ಪ ಲೆಕ್ಕ ಹಾಕೋಣ.

ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಗಾಳಿ ಹೀರುತ್ತದೆ. ನಿಮಿಷಕ್ಕೆ 6,000 ಸುತ್ತಿನಲ್ಲಿ 3,000 ಸಲ. ಪ್ರತಿ ಸಲ 0.215 ಲೀಟರಿನ ಸಿಲಿಂಡರ್ ಶೇಕಡ 80ರಷ್ಟು ತುಂಬುತ್ತದೆ ಎಂದು ಇಟ್ಟುಕೊಂಡರೆ ಸೆಕೆಂಡಿಗೆ ಸುಮಾರು 8.6 ಲೀಟರ್ ಗಾಳಿ. 24 ಮಿ.ಮೀ. ವ್ಯಾಸದ ಕೊಳವೆಯ ಅಡ್ಡಕೊಯ್ತದ ವಿಸ್ತೀರ್ಣ 4.52 ಚದರ ಸೆಂ.ಮೀ. ಹಾಗಾಗಿ ಗಾಳಿಯ ಸರಾಸರಿ ವೇಗ ಸೆಕೆಂಡಿಗೆ 19 ಮೀಟರ್. ಆದರೆ ಹೀರುವ ಕೆಲಸ ನಡೆಯುವುದು ನಾಲ್ಕು ಹೊಡೆತಗಳಲ್ಲಿ ಒಂದರಲ್ಲಿ ಮಾತ್ರ. ಆ ಹೊತ್ತಿನಲ್ಲಿ ವೇಗ ಇದರ ಸುಮಾರು ನಾಲ್ಕರಷ್ಟು, ಅಂದರೆ 76 ಮೀಟರ್. ಗಾಳಿಯ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಒತ್ತಡದ ಇಳಿತ ಸಿಗುತ್ತದೆ. ಅದು ಸುಮಾರು 3,500 ಪಾಸ್ಕಲ್, ಅಂದರೆ 35 ಸೆಂ.ಮೀ. ನೀರಿನ ಕಂಬದಷ್ಟು.

ಈಗ 28 ಮಿ.ಮೀ. ಕೊಳವೆ. ವಿಸ್ತೀರ್ಣ 6.16 ಚದರ ಸೆಂ.ಮೀ. ಅದೇ ಗಾಳಿ, ವೇಗ 56 ಮೀಟರಿಗೆ ಇಳಿಯಿತು. ಒತ್ತಡದ ಇಳಿತ ಸುಮಾರು 1,900 ಪಾಸ್ಕಲ್. ವ್ಯಾಸ ಆರನೇ ಒಂದು ಭಾಗದಷ್ಟು ಹೆಚ್ಚಿದರೆ ಪೆಟ್ರೋಲನ್ನು ಎತ್ತುವ ಬಲ ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು! ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣ, ಒತ್ತಡದ ಇಳಿತ ವೇಗದ ವರ್ಗಕ್ಕೆ ಅನುಗುಣ. ಆದ್ದರಿಂದ ಈ ಬಲ ವ್ಯಾಸದ ನಾಲ್ಕನೇ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ.

ನಿಮಿಷಕ್ಕೆ 2,000 ಸುತ್ತಿನಲ್ಲಿದ್ದಾಗ ಸನ್ನೆಯನ್ನು ಗಕ್ಕನೆ ಪೂರ್ತಿ ಒತ್ತಿದರೆ? ವೇಗ ಮೂರನೇ ಒಂದಾದ್ದರಿಂದ ಬಲ ಒಂಬತ್ತನೇ ಒಂದು ಭಾಗ. 28 ಮಿ.ಮೀ. ಕೊಳವೆಯಲ್ಲಿ ಅದು ಸುಮಾರು 2 ಸೆಂ.ಮೀ. ನೀರಿನಷ್ಟು. ತೊಟ್ಟಿಯ ಮಟ್ಟದಿಂದ ಜೆಟ್ಟಿನ ಬಾಯಿವರೆಗೆ ಏರಲೇ ಪೆಟ್ರೋಲಿಗೆ ಇದರ ಬಹುಪಾಲು ಖರ್ಚಾಗುತ್ತದೆ. ಎಂಜಿನ್ ಮುಗ್ಗರಿಸುತ್ತದೆ. ಮೇವು ಹೇರಿಕೊಂಡು ನಿಧಾನವಾಗಿ ದಿಬ್ಬ ಹತ್ತಬೇಕಾದ ವಾಹನಕ್ಕೆ ಇದರಿಂದ ನಷ್ಟವೇ. ಆದ್ದರಿಂದ ಮೊದಲ ಸೂತ್ರ: ಬದಲಿ ಕಾರ್ಬುರೇಟರಿನ ಅಳತೆ ಮೂಲದಷ್ಟೇ ಇರಲಿ.

ಕಳ್ಳಗಾಳಿಯ ಲೆಕ್ಕ

ಅಳತೆ ಸರಿಯಿದ್ದೂ ತೊಂದರೆ ಮುಂದುವರಿದರೆ ಕಳ್ಳಗಾಳಿಯನ್ನು ಹುಡುಕಬೇಕು. ರಬ್ಬರ್ ಕೊಳವೆಯಲ್ಲಿ ಒಂದು ಮಿ.ಮೀ. ವ್ಯಾಸದ ತೂತಿದೆ ಎಂದುಕೊಳ್ಳಿ. ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಥ್ರಾಟಲ್ ಬಹುತೇಕ ಮುಚ್ಚಿರುತ್ತದೆ. ಅದರಾಚೆ, ಎಂಜಿನ್ ಕಡೆ, ಒತ್ತಡ ತೀರ ಕಡಿಮೆ. ಎಷ್ಟೇ ಬಲವಾಗಿ ಎಳೆದರೂ ಇಂಥ ತೂತಿನಿಂದ ಸೆಕೆಂಡಿಗೆ ಸುಮಾರು 0.12 ಲೀಟರಿಗಿಂತ ಹೆಚ್ಚು ಗಾಳಿ ನುಗ್ಗಲಾರದು. ಎಳೆತ ಮಿಡಿತಗಳಲ್ಲಿ ಬರುವುದರಿಂದ ಅದರ ಅರ್ಧ, 0.06 ಲೀಟರ್, ಎಂದು ಹಿಡಿಯೋಣ.

ಐಡ್ಲಿಂಗ್‌ನಲ್ಲಿ, ನಿಮಿಷಕ್ಕೆ 1,300 ಸುತ್ತಿನಲ್ಲಿ, ಈ ಎಂಜಿನ್ ಸೆಕೆಂಡಿಗೆ ಸೇದುವ ಗಾಳಿ ಸುಮಾರು 0.7 ಲೀಟರ್ ಮಾತ್ರ. ಅದಕ್ಕೆ 0.06 ಸೇರಿದರೆ ಸುಮಾರು ಶೇಕಡ 9ರಷ್ಟು ಹೆಚ್ಚು. 14.7 ಇದ್ದ ಅನುಪಾತ 16 ಆಯಿತು. ಪೂರ್ತಿ ಥ್ರಾಟಲ್‌ನಲ್ಲಿ ಸೇದುವುದು 8.6 ಲೀಟರ್. ಅಲ್ಲಿಯೂ ಅಷ್ಟೇ ಕಳ್ಳಗಾಳಿ ಬಂದರೂ ಅದು ಶೇಕಡ ಒಂದಕ್ಕಿಂತ ಕಡಿಮೆ. ಥ್ರಾಟಲ್ ತೆರೆದಾಗ ಒಳಗಿನ ಒತ್ತಡ ಏರುವುದರಿಂದ ಇದು ಇನ್ನೂ ಕಡಿಮೆಯಾಗುತ್ತದೆ.

ಇವು ಅಂದಾಜು ಸಂಖ್ಯೆಗಳು. ಆದರೆ ಅವು ಹೇಳುವ ಮಾತು ಖಚಿತ. ಒಂದೇ ತೂತು ಐಡ್ಲಿಂಗ್‌ನಲ್ಲಿ ದೊಡ್ಡ ದೋಷ, ಪೂರ್ತಿ ವೇಗದಲ್ಲಿ ಏನೂ ಅಲ್ಲ. ಐಡ್ಲಿಂಗ್ ಸರಿಪಡಿಸಲು ಪೈಲಟ್ ಜೆಟ್ಟನ್ನು ದೊಡ್ಡದು ಮಾಡಿದರೆ ಸ್ವಲ್ಪ ಮೇಲಿನ ವೇಗದಲ್ಲಿ ಮಿಶ್ರಣ ದಟ್ಟವಾಗುತ್ತದೆ. ಅದನ್ನು ಸರಿಪಡಿಸಲು ಸೂಜಿಯನ್ನು ಇಳಿಸಿದರೆ ಇನ್ನೊಂದು ಕಡೆ ತೆಳುವಾಗುತ್ತದೆ. ಸೋರಿಕೆಯನ್ನು ಜೆಟ್ಟಿನಿಂದ ಸರಿಪಡಿಸಲು ಸಾಧ್ಯವೇ ಇಲ್ಲ. ಜೊತೆಗೆ ಬಿರುಕು ದಿನದಿನಕ್ಕೆ ಬೆಳೆಯುತ್ತದೆ. ನಿನ್ನೆಯ ಹೊಂದಾಣಿಕೆ ಇಂದು ಕೆಲಸಕ್ಕೆ ಬಾರದು.

ಜೋಡಣೆಯನ್ನು ಪರೀಕ್ಷಿಸುವುದು ಹೇಗೆ?

ರಬ್ಬರ್ ಕೊಳವೆ: ಎಂಜಿನ್ ಶಾಖ ಮತ್ತು ಪೆಟ್ರೋಲಿನ ಆವಿ ತಾಗಿ ರಬ್ಬರು ಗಟ್ಟಿಯಾಗಿ ಬಿರಿಯುತ್ತದೆ. ಬಿಚ್ಚಿ, ಬೆಳಕಿನಲ್ಲಿ ಬಾಗಿಸಿ ನೋಡಬೇಕು. ನೆಟ್ಟಗಿದ್ದಾಗ ಕಾಣದ ಬಿರುಕು ಬಾಗಿಸಿದಾಗ ಬಾಯಿ ಬಿಡುತ್ತದೆ. ಅನುಮಾನವಿದ್ದರೆ ಒಂದು ತುದಿಯನ್ನು ಮುಚ್ಚಿ, ನೀರಿನಲ್ಲಿ ಮುಳುಗಿಸಿ, ಇನ್ನೊಂದು ತುದಿಯಿಂದ ಮೆಲ್ಲಗೆ ಗಾಳಿ ಊದಬೇಕು. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ಪರೀಕ್ಷಿಸುವ ಹಾಗೆಯೇ ಗುಳ್ಳೆ ಬಂದ ಜಾಗವೇ ದೋಷದ ಜಾಗ.

ಮೂತಿಯ ಅಳತೆ: ಕಾರ್ಬುರೇಟರಿನ ಮೂತಿ ರಬ್ಬರಿನೊಳಗೆ ತೂರುವ ಮಾದರಿಯಾದರೆ ಅದರ ಹೊರವ್ಯಾಸವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು ಹಳೆಯದರೊಂದಿಗೆ ಹೋಲಿಸಬೇಕು. 24 ಎಂಬುದು ಒಳಗಿನ ಅಳತೆ. ಹೊರಗಿನ ಅಳತೆ ಒಂದೊಂದರಲ್ಲಿ ಒಂದೊಂದು ತೆರ. ಮೂತಿ ಒಂದೆರಡು ಮಿ.ಮೀ. ಸಣ್ಣದಿದ್ದರೆ ಕ್ಲಾಂಪ್ ಎಷ್ಟು ಬಿಗಿದರೂ ರಬ್ಬರು ಸುಕ್ಕುಗಟ್ಟಿ, ಆ ಸುಕ್ಕೇ ಗಾಳಿಗೆ ದಾರಿಯಾಗುತ್ತದೆ. ಟೇಪು, ಅಂಟು ಸುತ್ತುವುದು ಪರಿಹಾರವಲ್ಲ. ಪೆಟ್ರೋಲು ಅವನ್ನು ಕರಗಿಸುತ್ತದೆ. ಸರಿಯಾದ ಅಳತೆಯ ರಬ್ಬರ್ ಕೊಳವೆಯನ್ನೇ ತರಬೇಕು.

ಫ್ಲ್ಯಾಂಜ್: ಕೆಲವು ಕಾರ್ಬುರೇಟರುಗಳನ್ನು ಚಪ್ಪಟೆ ಮುಖದ ಫ್ಲ್ಯಾಂಜಿನ ಮೂಲಕ ಎರಡು ಬೋಲ್ಟುಗಳಿಂದ ಬಿಗಿಯುತ್ತಾರೆ. ಅತಿಯಾಗಿ ಬಿಗಿದರೆ ಮೆದುವಾದ ಮಿಶ್ರಲೋಹದ ಫ್ಲ್ಯಾಂಜ್ ಬಿಲ್ಲಿನಂತೆ ಬಾಗುತ್ತದೆ. ತುದಿಗಳು ಅಂಟಿಕೊಂಡು ನಡುವೆ ಸಂದಿ ಉಳಿಯುತ್ತದೆ. ಬಿಗಿದಷ್ಟೂ ಸಂದಿ ಹೆಚ್ಚುತ್ತದೆ! ದಪ್ಪ ಗಾಜಿನ ಮೇಲೆ ಇಟ್ಟು ಫೀಲರ್ ಗೇಜಿನ ತೆಳುವಾದ ಎಲೆ ಕೆಳಗೆ ನುಸುಳುತ್ತದೆಯೇ ನೋಡಬೇಕು. ಸ್ವಲ್ಪ ಬಾಗಿದ್ದರೆ, ಅದೇ ಗಾಜಿನ ಮೇಲೆ ನುಣುಪಾದ ಎಮರಿ ಕಾಗದ ಹಾಸಿ ಎಂಟರ ಆಕಾರದಲ್ಲಿ ಉಜ್ಜಿದರೆ ಮುಖ ಸಮವಾಗುತ್ತದೆ. ಲೋಹದ ಪುಡಿಯನ್ನು ಪೂರ್ತಿ ತೊಳೆದು, ಹೊಸ ಗ್ಯಾಸ್ಕೆಟ್ ಅಥವಾ ಓ-ರಿಂಗ್ ಹಾಕಿ, ಎರಡೂ ಬೋಲ್ಟುಗಳನ್ನು ಸ್ವಲ್ಪಸ್ವಲ್ಪವೇ ಸರದಿಯಲ್ಲಿ ಬಿಗಿಯಬೇಕು.

ಶಾಖ ತಡೆಯುವ ಬಿಲ್ಲೆ: ಕಾರ್ಬುರೇಟರ್ ಮತ್ತು ಸಿಲಿಂಡರಿನ ನಡುವೆ ಕೆಲವು ಎಂಜಿನುಗಳಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನಂಥ ದಪ್ಪ ಬಿಲ್ಲೆ ಇರುತ್ತದೆ. ಹೊಸ ಕಾರ್ಬುರೇಟರ್ ಕೂರಿಸಲು ಜಾಗ ಸಾಲದಾದಾಗ ಇದನ್ನು ತೆಗೆದುಹಾಕುವವರಿದ್ದಾರೆ. ಅಲ್ಯುಮಿನಿಯಂ ಒಳ್ಳೆಯ ಉಷ್ಣವಾಹಕ. ಬಿಲ್ಲೆ ಇಲ್ಲದಿದ್ದರೆ ಸಿಲಿಂಡರಿನ ಶಾಖ ನೇರವಾಗಿ ತೊಟ್ಟಿಗೆ ಹರಿಯುತ್ತದೆ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಬಿಸಿ ಎಂಜಿನ್ ನಿಲ್ಲಿಸಿ ಹತ್ತು ನಿಮಿಷದ ನಂತರ ಮತ್ತೆ ಚಾಲೂ ಆಗದಿರುವುದಕ್ಕೆ ಇದು ಒಂದು ಕಾರಣ.

ಅನಾಥ ಮೊಲೆಗಳು: ಕೆಲವು ವಾಹನಗಳ ಪೆಟ್ರೋಲ್ ನಲ್ಲಿ ಎಂಜಿನ್ನಿನ ಎಳೆತದಿಂದ ತೆರೆದುಕೊಳ್ಳುತ್ತದೆ. ಅದಕ್ಕಾಗಿ ಕಾರ್ಬುರೇಟರಿನಲ್ಲೋ ರಬ್ಬರ್ ಕೊಳವೆಯಲ್ಲೋ ಒಂದು ಸಣ್ಣ ಲೋಹದ ಮೊಲೆ ಇರುತ್ತದೆ. ಬದಲಿ ಭಾಗದಲ್ಲಿ ಇಂಥ ಮೊಲೆ ಇದ್ದು ಯಾವ ಕೊಳವೆಯೂ ಅದಕ್ಕೆ ಸೇರದಿದ್ದರೆ ಅದೇ ಒಂದು ದೊಡ್ಡ ತೂತು. ಮುಚ್ಚಳ ಹಾಕಬೇಕು. ಆದರೆ ತೊಟ್ಟಿಯ ಉಸಿರುಕೊಳವೆಯನ್ನು ಮುಚ್ಚಬಾರದು. ಅದನ್ನು ಮುಚ್ಚಿದರೆ ತೊಟ್ಟಿಯ ಮೇಲೆ ವಾತಾವರಣದ ಒತ್ತಡವೇ ಇಲ್ಲದೆ ಪೆಟ್ರೋಲ್ ಹರಿಯುವುದು ನಿಲ್ಲುತ್ತದೆ. ಯಾವುದು ಎಲ್ಲಿಗೆ ಹೋಗುತ್ತದೆ ಎಂದು ತಿಳಿದೇ ಮುಚ್ಚಬೇಕು.

ಓರೆ: ಕಾರ್ಬುರೇಟರ್ ವಾಲಿ ಕುಳಿತರೆ ತೊಟ್ಟಿಯ ಪೆಟ್ರೋಲ್ ಮಟ್ಟ ಬದಲಾಗುತ್ತದೆ. ಜೆಟ್ಟಿನಿಂದ ಫ್ಲೋಟ್ 15 ಮಿ.ಮೀ. ದೂರವಿದ್ದು 10 ಡಿಗ್ರಿ ವಾಲಿದರೆ ವ್ಯತ್ಯಾಸ ಸುಮಾರು 2.6 ಮಿ.ಮೀ. ಫ್ಲೋಟಿನ ಎತ್ತರವನ್ನು ಮಿಲಿಮೀಟರ್ ಲೆಕ್ಕದಲ್ಲಿ ನಿಗದಿ ಮಾಡುವಾಗ ಇದು ಸಣ್ಣ ದೋಷವಲ್ಲ. ವಾಹನವನ್ನು ಸಮತಲದಲ್ಲಿ ನಿಲ್ಲಿಸಿ, ಕಾರ್ಬುರೇಟರ್ ಮೂಲದ್ದರ ಭಂಗಿಯಲ್ಲೇ ಕುಳಿತಿದೆಯೇ ಎಂದು ನೋಡಬೇಕು.

ಎಲ್ಲ ಜೋಡಿಸಿದ ಮೇಲೆ ಕೊನೆಯ ಪರೀಕ್ಷೆ. ಬಯಲಿನಲ್ಲಿ ಎಂಜಿನ್ ಚಾಲೂ ಮಾಡಿ, ಐಡ್ಲಿಂಗ್‌ನಲ್ಲಿ ಬಿಟ್ಟು, ಸಂದಿಗಳ ಮೇಲೆ ನೀರಿನ ತುಂತುರನ್ನು ಚಿಮುಕಿಸಬೇಕು. ಎಂಜಿನ್ನಿನ ಸದ್ದು ಕ್ಷಣಕಾಲ ಬದಲಾದರೆ ಅಲ್ಲಿ ಸೋರಿಕೆಯಿದೆ. ಪೆಟ್ರೋಲನ್ನೋ ಉರಿಯುವ ಕ್ಲೀನರನ್ನೋ ಚಿಮುಕಿಸುವ ರೂಢಿ ಅನೇಕ ಕಡೆ ಇದೆ. ಬಿಸಿ ಸೈಲೆನ್ಸರಿನ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ. ಮುಚ್ಚಿದ ಕೊಠಡಿಯಲ್ಲಿ ಎಂಜಿನ್ ಓಡಿಸುವುದೂ ಸಲ್ಲದು. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಪ್ರಾಣ ತೆಗೆಯುತ್ತದೆ.

ಶೋಧಕದ ಕಡೆಯ ಸಂದಿ

ಕಾರ್ಬುರೇಟರಿಗೆ ಎರಡು ಕಡೆ ಜೋಡಣೆಯಿದೆ. ಎಂಜಿನ್ ಕಡೆಯದನ್ನು ನೋಡಿದ್ದಾಯಿತು. ಇನ್ನೊಂದು ಗಾಳಿಶೋಧಕದ ಪೆಟ್ಟಿಗೆಯ ಕಡೆ. ಇಲ್ಲಿ ಸಂದಿಯಿದ್ದರೆ ಒಳಬರುವ ಗಾಳಿ ಕುತ್ತಿಗೆಯನ್ನು ದಾಟಿಯೇ ಹೋಗುವುದರಿಂದ ಅದು ಅಳತೆಗೆ ಸಿಗುತ್ತದೆ. ಎಂಜಿನ್ ಚೆನ್ನಾಗಿಯೇ ಓಡುತ್ತದೆ. ಅಪಾಯ ಇರುವುದು ಇಲ್ಲೇ. ಆ ಗಾಳಿ ಶೋಧಕವನ್ನು ತಪ್ಪಿಸಿಕೊಂಡು ಬಂದದ್ದು. ಹೊಲದ ದೂಳಿನಲ್ಲಿರುವ ಸಿಲಿಕಾ ಕಣಗಳ ಕಾಠಿಣ್ಯ ಮೋಸ್ ಮಾಪಕದಲ್ಲಿ 7. ಸಿಲಿಂಡರಿನ ಗೋಡೆ, ಪಿಸ್ಟನ್ ರಿಂಗುಗಳನ್ನು ಅದು ಮರಳು ಕಾಗದದಂತೆ ಸವೆಸುತ್ತದೆ. ಎಂಜಿನ್ ಕಡೆಯ ಸೋರಿಕೆ ಸದ್ದು ಮಾಡಿ ಎಚ್ಚರಿಸುತ್ತದೆ. ಶೋಧಕದ ಕಡೆಯದು ಮೌನವಾಗಿ ಎಂಜಿನ್ ತಿನ್ನುತ್ತದೆ.

ಹೊಸ ಕಾರ್ಬುರೇಟರ್ ಉದ್ದ ಹೆಚ್ಚಾಗಿ ಪೆಟ್ಟಿಗೆಗೆ ಹೊಂದದಿದ್ದಾಗ ಪೆಟ್ಟಿಗೆಯನ್ನೇ ತೆಗೆದು ಸಣ್ಣದೊಂದು ಬಯಲು ಶೋಧಕವನ್ನು ಸಿಕ್ಕಿಸುವುದುಂಟು. ಪೆಟ್ಟಿಗೆ ಗಾಳಿಗೆ ಒಡ್ಡುವ ಅಲ್ಪ ತಡೆಯನ್ನೂ ಲೆಕ್ಕಕ್ಕೆ ಹಿಡಿದೇ ತಯಾರಕರು ಜೆಟ್ಟನ್ನು ಆರಿಸಿರುತ್ತಾರೆ. ಅದನ್ನು ತೆಗೆದರೆ ಮಿಶ್ರಣ ತೆಳುವಾಗುತ್ತದೆ. ನೀರು, ಕೆಸರು ಒಳಬರುವ ಭಯವೂ ಇದೆ.

ಸನ್ನೆ ಬಿಟ್ಟರೆ ಮುಚ್ಚಿಕೊಳ್ಳಬೇಕು

ಜೋಡಣೆಯಲ್ಲಿ ಜೀವಕ್ಕೆ ಸಂಬಂಧಿಸಿದ ಒಂದು ಅಂಶವಿದೆ. ಥ್ರಾಟಲ್ ಜಾರುಬಿಲ್ಲೆ ತನ್ನ ಕೊಳವೆಯಲ್ಲಿ ಸಲೀಸಾಗಿ ಇಳಿಯಬೇಕು. ಅದರ ಬದಿಯ ಗೀರು ಒಳಗಿನ ಪಿನ್ನಿಗೆ ಹೊಂದಬೇಕು. ಓರೆಯಾಗಿ ಕತ್ತರಿಸಿದ ಭಾಗ ಶೋಧಕದ ಕಡೆಗಿರಬೇಕು. ಕೇಬಲ್ ಗಿಡ್ಡವಾದರೆ ಹ್ಯಾಂಡಲ್ ತಿರುಗಿಸಿದಾಗ ಅದು ತಾನಾಗಿಯೇ ಎಳೆದು ವೇಗ ಹೆಚ್ಚಿಸುತ್ತದೆ. ಆದ್ದರಿಂದ ಎಂಜಿನ್ ಚಾಲೂ ಮಾಡುವ ಮುನ್ನ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ನಡುವಿಗೆ, ಪೂರ್ತಿ ಬಲಕ್ಕೆ ತಿರುಗಿಸಿ ಮೂರು ಕಡೆಯೂ ಸನ್ನೆ ಒತ್ತಿ ಬಿಡಬೇಕು. ಪ್ರತಿ ಸಲವೂ ಜಾರುಬಿಲ್ಲೆ ಟಕ್ ಎಂದು ಕೆಳಗೆ ಬೀಳುವುದು ಕೇಳಬೇಕು. ಕೇಳದಿದ್ದರೆ ವಾಹನ ಹತ್ತಬಾರದು.

ಕೊನೆಗೆ ಜೆಟ್

ಸೋರಿಕೆ ಇಲ್ಲ, ಮಟ್ಟ ಸರಿಯಿದೆ, ಶೋಧಕ ಸ್ವಚ್ಛವಾಗಿದೆ ಎಂದು ಖಚಿತವಾದ ಮೇಲೆ ಮಾತ್ರ ಜೆಟ್ಟುಗಳಿಗೆ ಕೈಹಾಕಬೇಕು. ಜಾರುಬಿಲ್ಲೆಯ ಕಾರ್ಬುರೇಟರಿನಲ್ಲಿ ಥ್ರಾಟಲ್ ತೆರೆದ ಪ್ರಮಾಣಕ್ಕೆ ತಕ್ಕಂತೆ ಬೇರೆಬೇರೆ ಭಾಗಗಳು ಅಧಿಕಾರ ನಡೆಸುತ್ತವೆ. ಎಂಟನೇ ಒಂದು ಭಾಗದವರೆಗೆ ಪೈಲಟ್ ಜೆಟ್. ಅಲ್ಲಿಂದ ಕಾಲು ಭಾಗದವರೆಗೆ ಜಾರುಬಿಲ್ಲೆಯ ಕತ್ತರಿ. ಕಾಲಿನಿಂದ ಮುಕ್ಕಾಲಿನವರೆಗೆ ಸೂಜಿ. ಮುಕ್ಕಾಲಿನಿಂದ ಪೂರ್ತಿಯವರೆಗೆ ಮುಖ್ಯ ಜೆಟ್. ಸನ್ನೆಯ ಬಳಿ ಗುರುತು ಹಾಕಿಕೊಂಡರೆ ತೊಂದರೆ ಯಾವ ಘಟ್ಟದಲ್ಲಿದೆ ಎಂಬುದು ತಿಳಿಯುತ್ತದೆ. ಆ ಒಂದು ಭಾಗವನ್ನು ಮಾತ್ರ ಬದಲಿಸಿ, ಮತ್ತೆ ಓಡಿಸಿ ನೋಡಬೇಕು.

ಐಡ್ಲಿಂಗ್ ತಿರುಪಿನ ಬಗ್ಗೆ ಒಂದು ಎಚ್ಚರಿಕೆ. ಅದು ಶೋಧಕದ ಕಡೆಗಿದ್ದರೆ ಸಾಮಾನ್ಯವಾಗಿ ಗಾಳಿಯ ತಿರುಪು. ಸಡಿಲಿಸಿದರೆ ಮಿಶ್ರಣ ತೆಳುವಾಗುತ್ತದೆ. ಎಂಜಿನ್ ಕಡೆಗಿದ್ದರೆ ಇಂಧನದ ತಿರುಪು, ಸಡಿಲಿಸಿದರೆ ದಟ್ಟವಾಗುತ್ತದೆ. ಜೆಟ್ಟಿನ ಮೇಲಿನ ಸಂಖ್ಯೆಯನ್ನೂ ಕಣ್ಣುಮುಚ್ಚಿ ನಂಬಬಾರದು. ಕೆಲವು ಸಂಖ್ಯೆಗಳು ರಂಧ್ರದ ವ್ಯಾಸವನ್ನು ಹೇಳಿದರೆ ಕೆಲವು ಹರಿವಿನ ಪ್ರಮಾಣವನ್ನು ಹೇಳುತ್ತವೆ. ಒಂದು ಕಂಪನಿಯ ನೂರು ಇನ್ನೊಂದರ ನೂರಲ್ಲ.

ಇಂಧನವೂ ಬದಲಾಗಿದೆ. ಅಮೆರಿಕದಲ್ಲಿ ಮಾರುವ ಪೆಟ್ರೋಲಿನಲ್ಲಿ ಈಗ ಸಾಮಾನ್ಯವಾಗಿ ಶೇಕಡ 10ರಷ್ಟು ಎಥನಾಲ್ ಇರುತ್ತದೆ. ಭಾರತದಲ್ಲಿ ಶೇಕಡ 20ರ ಮಿಶ್ರಣ ಬಳಕೆಗೆ ಬಂದಿದೆ. ಎಥನಾಲಿನ ಅಣುವಿನಲ್ಲೇ ಆಕ್ಸಿಜನ್ ಇರುವುದರಿಂದ ಅದು ಉರಿಯಲು ಬೇಕಾಗುವ ಗಾಳಿ ಕಡಿಮೆ. ಶೇಕಡ 10ರ ಮಿಶ್ರಣಕ್ಕೆ ಅನುಪಾತ ಸುಮಾರು 14.1, ಶೇಕಡ 20ಕ್ಕೆ ಸುಮಾರು 13.5. ಹಳೆಯ ಜೆಟ್ಟು ಹಳೆಯ ಅನುಪಾತದಲ್ಲೇ ಕೊಡುವುದರಿಂದ ಎಂಜಿನ್ನಿಗೆ ಅದು ತೆಳುವಾಗಿ ಕಾಣುತ್ತದೆ. ಹಳೆಯ ರಬ್ಬರು, ಓ-ರಿಂಗುಗಳನ್ನೂ ಎಥನಾಲ್ ಕೆಡಿಸುತ್ತದೆ. ಇದಕ್ಕೆ ವಿರುದ್ಧವಾಗಿ ಎತ್ತರದ ಪ್ರದೇಶದಲ್ಲಿ ಮಿಶ್ರಣ ದಟ್ಟವಾಗುತ್ತದೆ. 3,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಶೇಕಡ 26 ಕಡಿಮೆ. ಅಮೆರಿಕದ ಕೊಲರಾಡೊ ಬೆಟ್ಟಗಳಲ್ಲಿ ಓಡುವ ವಾಹನಕ್ಕೆ ಬಯಲುಸೀಮೆಯ ಜೆಟ್ ಹೊಂದದಿರುವುದು ಈ ಕಾರಣದಿಂದ.

ತರಗತಿಯಲ್ಲಿ

ಕಳ್ಳಗಾಳಿಯ ಪರಿಣಾಮವನ್ನು ತೋರಿಸಲು ಎಂಜಿನ್ ಬೇಕಿಲ್ಲ. ಒಂದು ಲೋಟ ನೀರು, ಎರಡು ಸ್ಟ್ರಾ ಸಾಕು. ಒಂದು ಸ್ಟ್ರಾದಲ್ಲಿ, ನೀರಿಗಿಂತ ಮೇಲೆ, ದಪ್ಪ ಸೂಜಿಯಿಂದ ತೂತು ಮಾಡಿ. ಮಕ್ಕಳು ಎರಡರಿಂದಲೂ ಹೀರಿ ನೋಡಲಿ. ತೂತಿರುವ ಸ್ಟ್ರಾದಿಂದ ಮೆಲ್ಲಗೆ ಹೀರಿದರೆ ಗಾಳಿಯೇ ಬರುತ್ತದೆ. ಬಲವಾಗಿ ಹೀರಿದರೆ ನೀರೂ ಗಾಳಿಯೂ ಬೆರೆತು ಬರುತ್ತವೆ. ತೂತಿನ ಮೇಲೆ ಬೆರಳಿಟ್ಟರೆ ಎಲ್ಲವೂ ಸರಿ. ಐಡ್ಲಿಂಗ್‌ನಲ್ಲಿ ಕೆಡುವ, ವೇಗದಲ್ಲಿ ಸುಧಾರಿಸುವ ಎಂಜಿನ್ನಿನ ನಡತೆಯನ್ನು ಇದಕ್ಕೆ ಹೋಲಿಸಿ ವಿವರಿಸಬಹುದು.

ಹಿರಿಯ ವಿದ್ಯಾರ್ಥಿಗಳು ಊರಿನ ಗ್ಯಾರೇಜಿನಿಂದ ಕೆಟ್ಟ ಕಾರ್ಬುರೇಟರೊಂದನ್ನು ತಂದು, ಪೆಟ್ರೋಲ್ ಪೂರ್ತಿ ಒಣಗಿದ ಮೇಲೆ ಬಿಚ್ಚಿ, ಕುತ್ತಿಗೆಯ ವ್ಯಾಸವನ್ನು ಅಳೆಯಬಹುದು. ಆ ಬೈಕಿನ ಎಂಜಿನ್ ಸಾಮರ್ಥ್ಯವನ್ನು ಕೇಳಿ ತಿಳಿದು, ಮೇಲಿನ ಕ್ರಮದಲ್ಲೇ ಗಾಳಿಯ ವೇಗ, ಒತ್ತಡದ ಇಳಿತಗಳನ್ನು ಲೆಕ್ಕಹಾಕಬಹುದು. ಪಠ್ಯದ ಬರ್ನೂಲಿ ಸಮೀಕರಣಕ್ಕೆ ಆಗ ಒಂದು ನಿಜವಾದ ವಸ್ತು ಸಿಗುತ್ತದೆ.

ಎಂಜಿನ್ ದುರಸ್ತಿಗೂ ಪ್ರಯೋಗಶಾಲೆಗೂ ಒಂದು ನಿಯಮ ಸಮಾನವಾಗಿದೆ. ಅಳತೆ ತಪ್ಪಾಗಿ ಕಂಡಾಗ ಮೊದಲು ಉಪಕರಣದ ಜೋಡಣೆಯನ್ನು ನೋಡಬೇಕು. ಆಮೇಲೆ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕು. ಬದಲಿಸಿದ್ದನ್ನೂ ಅದರ ಫಲವನ್ನೂ ಬರೆದಿಡಬೇಕು. ಸಂದಿಯೊಂದನ್ನು ಮುಚ್ಚಲು ಬೇಕಾಗುವ ಗ್ಯಾಸ್ಕೆಟ್ಟಿನ ಬೆಲೆ ಅಲ್ಪ. ಅದನ್ನು ಹುಡುಕದೆ ಜೆಟ್ ಬದಲಿಸುತ್ತ ಹೋದರೆ ತೆರಬೇಕಾಗುವುದು ಪಿಸ್ಟನ್, ಸಿಲಿಂಡರುಗಳ ಬೆಲೆ.